ದಿನ ಎಣಿಸಬೇಕಾದ್ದು ಮೊದಲ ನಿರಾಕರಣೆಯಿಂದ

ಟೆಕ್ಸಾಸ್‌ನ ಡಲ್ಲಾಸ್ ಸಮೀಪದ ಯಂತ್ರಭಾಗಗಳ ಕಾರ್ಖಾನೆಯಲ್ಲಿ ದುಡಿಯುವ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಇದು: ಕೊರಳಲ್ಲಿ ಇಷ್ಟಲಿಂಗ ಧರಿಸುವ ಅವರಿಗೆ ಸುಪರ್‌ವೈಸರ್ ಅದನ್ನು ತೆಗೆದಿಟ್ಟು ಕೆಲಸಕ್ಕೆ ಬರಲು ಹೇಳಿದರು. ಕರಡಿಗೆಯನ್ನು ಗುಂಡಿ ಹಾಕಿದ ಅಂಗಿಯೊಳಗೆ, ದಾರ ಹೊರಗೆ ಜೋತುಬೀಳದಂತೆ ಕಟ್ಟಿಕೊಳ್ಳುತ್ತೇನೆ ಎಂದು ಇವರು ಬರೆದುಕೊಟ್ಟರೂ 2025ರ ಮಾರ್ಚ್ 10ರಂದು ಮೇಲ್‌ನಲ್ಲಿ ಅನುಮತಿ ನಿರಾಕರಿಸಲಾಯಿತು. ಎಚ್‌ಆರ್‌ಗೆ ಮೇಲ್ಮನವಿ ಕೊಟ್ಟರು. ‘ಮೊದಲಿನ ತೀರ್ಮಾನವೇ ಅಂತಿಮ’ ಎಂಬ ಉತ್ತರ ಬಂದದ್ದು ಆಗಸ್ಟ್ 20ಕ್ಕೆ. ಆಗಸ್ಟ್ 25ರಂದು ಅವರನ್ನು ರಾತ್ರಿ ಪಾಳಿಗೆ ಹಾಕಿದರು. ಸಹೋದ್ಯೋಗಿಗಳ ಗೇಲಿ ಈಗಲೂ ನಡೆದಿದೆ. ಅವರ ಪ್ರಶ್ನೆ: ‘ಆಗಸ್ಟ್ 20ರಿಂದ ಎಣಿಸಿದರೆ ತಾರತಮ್ಯದ ದೂರು ಕೊಡಲು ನನಗಿನ್ನೂ ಬೇಕಾದಷ್ಟು ಸಮಯವಿದೆ, ಅಲ್ಲವೇ?’ ಪತ್ರ ನಮಗೆ ಬಂದದ್ದು ಸೆಪ್ಟೆಂಬರ್ ಮೂರನೇ ವಾರದಲ್ಲಿ.

ಸಂಪಾದಕರ ಉತ್ತರ:

ಇಲ್ಲ, ಆಗಸ್ಟ್ 20ರಿಂದ ಎಣಿಸಬೇಡಿ. ಮಾರ್ಚ್ 10ರಿಂದ ಎಣಿಸಿ. ಕಂಪನಿಯೊಳಗೆ ದೂರು ಕೊಟ್ಟರೆ ಕಾನೂನಿನ ಗಡಿಯಾರ ನಿಲ್ಲುತ್ತದೆ ಎಂಬ ನಂಬಿಕೆಯಿಂದಲೇ ಎಷ್ಟೋ ಒಳ್ಳೆಯ ಪ್ರಕರಣಗಳು ಬಾಗಿಲಲ್ಲೇ ಬಿದ್ದುಹೋಗುತ್ತವೆ. ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲೇ ಇದನ್ನು ತೀರ್ಮಾನಿಸಿದೆ. ಡೆಲವೇರ್ ಸ್ಟೇಟ್ ಕಾಲೇಜಿನ ಪ್ರಾಧ್ಯಾಪಕ ರಿಕ್ಸ್ ಅವರಿಗೆ ಕಾಯಂ ಹುದ್ದೆ ಇಲ್ಲವೆಂದು 1974ರ ಜೂನ್‌ನಲ್ಲಿ ತಿಳಿಸಿದರು. ಕೆಲಸ ಮುಗಿದದ್ದು ಒಂದು ವರ್ಷದ ನಂತರ. ನಡುವೆ ಅವರ ಆಂತರಿಕ ಮೇಲ್ಮನವಿಯೂ ನಡೆದಿತ್ತು. ಕೋರ್ಟ್ ಎಣಿಸಿದ್ದು ತೀರ್ಮಾನ ತಿಳಿಸಿದ ದಿನದಿಂದ. ಕೆಲಸದ ಕೊನೆಯ ದಿನದಿಂದ ಎಣಿಸಲಿಲ್ಲ, ಮೇಲ್ಮನವಿಯ ಅವಧಿಯನ್ನೂ ಲೆಕ್ಕದಿಂದ ಕಳೆಯಲಿಲ್ಲ.

ಈಗ ನಿಮ್ಮ ಲೆಕ್ಕ. 15 ಅಥವಾ ಹೆಚ್ಚು ನೌಕರರಿರುವ ಕಂಪನಿಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯ ಅನ್ವಯಿಸುತ್ತದೆ. ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಇಇಒಸಿ ಎಂಬ ಫೆಡರಲ್ ಆಯೋಗಕ್ಕೆ ದೂರು ಕೊಡಬೇಕು. ಮೂಲ ಗಡುವು 180 ದಿನ. ಇಂಥ ತಾರತಮ್ಯವನ್ನು ತಡೆಯುವ ಕಾನೂನು ಮತ್ತು ಅದನ್ನು ಜಾರಿ ಮಾಡುವ ಸಂಸ್ಥೆ ರಾಜ್ಯದಲ್ಲೇ ಇದ್ದರೆ 300 ದಿನ. ಟೆಕ್ಸಾಸ್‌ನಲ್ಲಿ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್ ಇರುವುದರಿಂದ ನಿಮಗೆ 300 ಸಿಗುತ್ತದೆ. ಆದರೆ ಟೆಕ್ಸಾಸ್ ರಾಜ್ಯದ ಕಾನೂನಿನಡಿಯ ದೂರಿಗೆ ಗಡುವು 180 ದಿನ ಮಾತ್ರ. ಶನಿವಾರ, ಭಾನುವಾರ, ರಜೆ ಎಲ್ಲವೂ ಎಣಿಕೆಗೆ ಸೇರುತ್ತವೆ.

ಮಾರ್ಚ್ 10ಕ್ಕೆ 180 ಸೇರಿಸಿದರೆ ಸೆಪ್ಟೆಂಬರ್ 6. ಅನುಮತಿ ನಿರಾಕರಣೆಯ ಮಟ್ಟಿಗೆ ರಾಜ್ಯದ ದಾರಿ ಮುಚ್ಚಿದೆ ಎಂದೇ ತಿಳಿಯಿರಿ. 300 ಸೇರಿಸಿದರೆ 2026ರ ಜನವರಿ 4, ಅದು ಭಾನುವಾರ. ಕೊನೆಯ ದಿನ ರಜೆಯಾದರೆ ಇಇಒಸಿ ಮುಂದಿನ ಕೆಲಸದ ದಿನದವರೆಗೆ ತೆಗೆದುಕೊಳ್ಳುತ್ತದೆ, ಅಂದರೆ ಜನವರಿ 5. ಆ ಒಂದು ದಿನವನ್ನು ನೆಚ್ಚಿಕೊಳ್ಳಬೇಡಿ. ಈ ತಿಂಗಳೇ ಕೊಡಿ.

ರಾತ್ರಿ ಪಾಳಿಯ ವಿಷಯ ಬೇರೆ. ತಾರತಮ್ಯದ ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳುವುದು ಸ್ವತಂತ್ರ ಕಾನೂನು ಉಲ್ಲಂಘನೆ, ಅದರ ಗಡಿಯಾರವೂ ಸ್ವತಂತ್ರ. ಆಗಸ್ಟ್ 25ರಿಂದ ಎಣಿಸಿದರೆ ರಾಜ್ಯದ 180 ದಿನ 2026ರ ಫೆಬ್ರುವರಿ 21ರವರೆಗೆ ಇದೆ, ಫೆಡರಲ್ 300 ದಿನ ಜೂನ್ 21ಕ್ಕೆ ಮುಗಿಯುತ್ತದೆ. ಗೇಲಿಯದು ಮೂರನೇ ಬಗೆ. 2002ರ ಮಾರ್ಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ವಜಾ, ಬಡ್ತಿ ನಿರಾಕರಣೆಯಂಥ ಒಂದೊಂದು ಕ್ರಮಕ್ಕೂ ಅದರದ್ದೇ ದಿನಾಂಕ. ನಿರಂತರ ಕಿರುಕುಳಕ್ಕೆ ಮಾತ್ರ, ಅದೇ ಸರಣಿಯ ಒಂದು ಘಟನೆ ಗಡುವಿನೊಳಗಿದ್ದರೆ ಹಳೆಯದನ್ನೂ ಸೇರಿಸಿ ನೋಡಬಹುದು. ಹಾಗಾಗಿ ಯಾರು, ಯಾವ ದಿನ, ಯಾರ ಎದುರು ಏನಂದರು ಎಂಬುದನ್ನು ಇಂದಿನಿಂದಲೇ ಬರೆದಿಡಿ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಬೇಡ. ಕೆಲಸ ಹೋದ ದಿನ ಅದೂ ಹೋಗುತ್ತದೆ.

ದೂರು ಕೊಡುವಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಇಇಒಸಿ ಪೋರ್ಟಲ್‌ನಲ್ಲಿ ‘ಇನ್‌ಕ್ವೈರಿ’ ಎಂಬ ಆರಂಭಿಕ ಅರ್ಜಿ ಕಳಿಸಿ, ಸಂದರ್ಶನದ ದಿನ ಗೊತ್ತುಮಾಡಿಕೊಂಡು, ದೂರು ದಾಖಲಾಯಿತು ಎಂದು ನೆಮ್ಮದಿಯಾಗಿ ಕೂರುತ್ತಾರೆ. ಅದು ದೂರಲ್ಲ. ಸಿಬ್ಬಂದಿ ಸಿದ್ಧಪಡಿಸುವ ‘ಚಾರ್ಜ್’ ಪತ್ರವನ್ನು ನೀವು ಓದಿ ಸಹಿ ಹಾಕಬೇಕು. ಆ ದಾಖಲೆಯನ್ನೇ ಗಟ್ಟಿ ಎಂದು ನಂಬಿ. ಸಂದರ್ಶನಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು. ಗಡುವಿಗೆ 60 ದಿನ ಅಥವಾ ಕಡಿಮೆ ಉಳಿದಿದ್ದರೆ ಪೋರ್ಟಲ್ ಬೇರೆ ಸೂಚನೆ ಕೊಡುತ್ತದೆ, ಅದನ್ನು ತಪ್ಪದೆ ಪಾಲಿಸಿ. ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಸಹಿಗೆ ಮುನ್ನ ಎರಡು ಸಂಗತಿ ನೋಡಿ. ಕಾರಣಗಳಲ್ಲಿ ‘ಧರ್ಮ’ದ ಜೊತೆ ‘ಪ್ರತೀಕಾರ’ವೂ ಗುರುತಾಗಿರಲಿ. ಮಾರ್ಚ್ 10ರಿಂದ ಇತ್ತೀಚಿನ ಘಟನೆಯವರೆಗೆ ಎಲ್ಲ ದಿನಾಂಕಗಳೂ ಇರಲಿ. ನಿಮ್ಮ ರಾಜ್ಯದ್ದೇ ಉದಾಹರಣೆ ಕೇಳಿ: ಫೋರ್ಟ್ ಬೆಂಡ್ ಕೌಂಟಿಯ ನೌಕರರೊಬ್ಬರನ್ನು ಭಾನುವಾರ ಚರ್ಚ್ ಕಾರ್ಯಕ್ರಮಕ್ಕೆ ಹೋದದ್ದಕ್ಕೆ ಕೆಲಸದಿಂದ ತೆಗೆದರು. ಅವರು ಆರಂಭದ ಪ್ರಶ್ನಾವಳಿಯಲ್ಲಿ ‘ಧರ್ಮ’ ಎಂದು ಕೈಯಲ್ಲಿ ಬರೆದರೇ ಹೊರತು ಮುಖ್ಯ ದೂರಿಗೆ ಅದನ್ನು ಸೇರಿಸಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಅವರು ಉಳಿದುಕೊಂಡದ್ದು ಕೌಂಟಿ ಆ ತಕರಾರನ್ನು ವರ್ಷಗಟ್ಟಲೆ ತಡವಾಗಿ ಎತ್ತಿದ್ದರಿಂದ. ನಿಮ್ಮ ಕಂಪನಿಯ ವಕೀಲರು ಮೊದಲ ದಿನವೇ ಎತ್ತುತ್ತಾರೆ.

ಪ್ರಕರಣದ ಬಲಾಬಲದ ಬಗ್ಗೆ ಒಂದು ಮಾತು. ಸುಪ್ರೀಂ ಕೋರ್ಟಿನ 2023ರ ಗ್ರಾಫ್ ತೀರ್ಪಿನ ನಂತರ, ಧಾರ್ಮಿಕ ಅನುಕೂಲ ಕೊಟ್ಟರೆ ವ್ಯವಹಾರಕ್ಕೆ ಗಣನೀಯ ಹೊರೆಯಾಗುತ್ತದೆ ಎಂದು ಕಂಪನಿಯೇ ತೋರಿಸಬೇಕು. ಸಣ್ಣಪುಟ್ಟ ತೊಂದರೆ ಸಾಲದು. ಆದರೆ ತಿರುಗುವ ಯಂತ್ರದ ಬಳಿ ದಾರ ಸಿಕ್ಕಿಕೊಳ್ಳುವ ಅಪಾಯ ನಿಜವಾದ ಆಕ್ಷೇಪ. ಅದಕ್ಕೇ ನೀವು ಸೂಚಿಸಿದ ಪರ್ಯಾಯದ ಪ್ರತಿ, ಅದಕ್ಕೆ ಬಂದ ಉತ್ತರ ಎರಡನ್ನೂ ಜೋಪಾನ ಮಾಡಿ.

ಬೇರೆಡೆ ಇರುವ ಓದುಗರು ಈ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬಾರದು. ಜಾರ್ಜಿಯಾದ ಖಾಸಗಿ ಕಂಪನಿಗಳಲ್ಲಿ 180 ದಿನವಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಇಲಾಖೆಗೆ ದೂರು ಕೊಡಲು ಮೂರು ವರ್ಷ. ನ್ಯೂಯಾರ್ಕ್ ರಾಜ್ಯದಲ್ಲೂ, 2024ರ ಫೆಬ್ರುವರಿ 15ರ ನಂತರದ ಘಟನೆಗಳಿಗೆ, ಮೂರು ವರ್ಷ. ಫೆಡರಲ್ ಸರ್ಕಾರದ ನೌಕರರು 45 ದಿನದೊಳಗೆ ತಮ್ಮ ಇಲಾಖೆಯ ಸಮಾನಾವಕಾಶ ಸಲಹೆಗಾರರನ್ನು ಕಾಣಬೇಕು. ಎಚ್-1ಬಿ ಇದ್ದವರು ಕೆಲಸ ಹೋದ ಮೇಲಿನ 60 ದಿನಗಳ ವೀಸಾ ಅವಧಿಯನ್ನು ಇದರೊಂದಿಗೆ ಬೆರೆಸಿಕೊಳ್ಳುತ್ತಾರೆ, ಎರಡಕ್ಕೂ ಸಂಬಂಧವಿಲ್ಲ.

ಕೊನೆಯ ಗಡುವು ಕೋರ್ಟಿನದು. ಇಇಒಸಿ ‘ದಾವೆ ಹೂಡುವ ಹಕ್ಕಿನ’ ನೋಟಿಸ್ ಕೊಟ್ಟ ಮೇಲೆ 90 ದಿನ. ನೋಟಿಸ್ ಪೋರ್ಟಲ್‌ಗೆ ಬರುತ್ತದೆ. ಮೇಲ್ ಸ್ಪ್ಯಾಮ್‌ಗೆ ಹೋಗಿ ನೀವು ನೋಡದೆ ಉಳಿದರೂ ಅದು ಪೋರ್ಟಲ್‌ಗೆ ಬಂದ ದಿನದಿಂದಲೇ ಎಣಿಸುವುದು ಕ್ಷೇಮ. ಟೆಕ್ಸಾಸ್ ಕಾನೂನಿನಡಿಯೂ ದಾವೆ ಹೂಡುವುದಾದರೆ ರಾಜ್ಯ ಆಯೋಗದ ನೋಟಿಸ್ ಬಂದ 60 ದಿನದೊಳಗೆ, ದೂರು ಕೊಟ್ಟು ಎರಡು ವರ್ಷ ಮೀರುವ ಮುನ್ನ ಹೂಡಬೇಕು. ಆ ನೋಟಿಸನ್ನು ಆಯೋಗದಿಂದ ಪ್ರತ್ಯೇಕವಾಗಿ ಕೇಳಿ ಪಡೆಯಿರಿ. ಉದ್ಯೋಗ ಕಾನೂನಿನ ವಕೀಲರನ್ನು ಹುಡುಕುವುದು ನೋಟಿಸ್ ಬಂದ ಮೇಲಲ್ಲ, ಚಾರ್ಜ್‌ಗೆ ಸಹಿ ಹಾಕುವ ಮುನ್ನ; 90 ದಿನದಲ್ಲಿ 80 ಕಳೆದು ಹೋದವರ ಕಡತವನ್ನು ಹೆಚ್ಚಿನವರು ಕೈಗೆತ್ತಿಕೊಳ್ಳುವುದಿಲ್ಲ.