ಎಆರ್ ಕನ್ನಡಕದಿಂದ ಇಂಟರ್‌ವೆನ್ಷನಲ್ ರೇಡಿಯಾಲಜಿ ಕಲಿಯಬಹುದೇ?

ಎದುರಿನ ನೋಟದ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸಿ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ (ಎಆರ್) ಕನ್ನಡಕ ಹಾಕಿಕೊಂಡರೆ ಇಂಟರ್‌ವೆನ್ಷನಲ್ ರೇಡಿಯಾಲಜಿ (ದೇಹದೊಳಗಿನ ಚಿತ್ರ ನೋಡುತ್ತಾ ಸೂಜಿ, ಸಣ್ಣ ಕೊಳವೆಗಳಿಂದ ಮಾಡುವ ಚಿಕಿತ್ಸೆ) ನಿಜಕ್ಕೂ ಬೇಗ ಕೈಗೆ ಹತ್ತುತ್ತದೆಯೇ, ಇಲ್ಲ ಅದು ಬರೀ ತೋರಿಕೆಯೇ ಎಂದು ಕೇಳಿದ್ದೀರಿ. ವರ್ಷಗಳಿಂದ ಇದೇ ಕೆಲಸ ನನ್ನದು, ಕಿರಿಯ ವೈದ್ಯರಿಗೆ ಕಲಿಸುವುದೂ ಅದರಲ್ಲಿ ಸೇರಿದೆ. ತೋರಿಕೆಯಂತೂ ಅಲ್ಲ. ಆದರೆ ಅದು ಪಳಗಿಸುವುದು ಕಣ್ಣನ್ನು, ಕೈಯನ್ನಲ್ಲ.

1953ರಲ್ಲಿ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ ಹಾಕಿಕೊಟ್ಟ ದಾರಿಯಲ್ಲೇ ನಾವು ಇವತ್ತಿಗೂ ನಡೆಯುತ್ತಿದ್ದೇವೆ: ರಕ್ತನಾಳಕ್ಕೆ ಸೂಜಿ ಚುಚ್ಚಿ, ಅದರೊಳಗಿಂದ ದಾರಿ ತೋರುವ ತೆಳು ತಂತಿಯಾದ ಗೈಡ್‌ವೈರ್ ತೂರಿಸಿ, ಸೂಜಿ ತೆಗೆದು, ವೈರ್ ಮೇಲೆ ಕ್ಯಾಥೆಟರ್ ಎಂಬ ಸಪೂರ ಕೊಳವೆ ಜಾರಿಸುವುದು. ಹೇಳಲು ಸುಲಭ. ಕಷ್ಟವಿರುವುದು ನೋಡುವುದರಲ್ಲಿ. ಫ್ಲೋರೋಸ್ಕೋಪಿ (ಚಲಿಸುವ ಎಕ್ಸ್-ರೇ ಚಿತ್ರ) ಪರದೆಯ ಮೇಲೆ ಬೀಳುವುದು ಚಪ್ಪಟೆ ನೆರಳು. ಎರಡು ರಕ್ತನಾಳಗಳು ಒಂದರ ಮೇಲೊಂದು ಬಂದರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಅದು ಹೇಳುವುದಿಲ್ಲ. ಆ ಆಳವನ್ನು ನಮ್ಮ ತಲೆಯೊಳಗೆ ನಾವೇ ಕಟ್ಟಿಕೊಳ್ಳಬೇಕು.

ಎಆರ್ ನೆರವಾಗುವುದು ಇಲ್ಲೇ. ಸಿಟಿ ಸ್ಕ್ಯಾನ್‌ನಿಂದ ತೆಗೆದ ಪಕ್ಕೆಲುಬು, ಯಕೃತ್ತು, ಗಡ್ಡೆ ಎಲ್ಲವೂ ಅಭ್ಯಾಸದ ಫ್ಯಾಂಟಮ್ (ದೇಹದ ಕೃತಕ ಮಾದರಿ) ಒಳಗೇ ಕೂತಂತೆ ಕಾಣುತ್ತವೆ. ಒಬ್ಬ ವಿದ್ಯಾರ್ಥಿನಿ ನೆನಪಾಗುತ್ತಾಳೆ. ರಕ್ತನಾಳ ಪಕ್ಕೆಲುಬಿನ ಕೆಳ ಅಂಚಿಗೆ ಅಂಟಿಕೊಂಡು ಸಾಗುತ್ತದೆ, ಆದ್ದರಿಂದ ಸೂಜಿ ಕೆಳಗಿನ ಪಕ್ಕೆಲುಬಿನ ಮೇಲಂಚು ಸವರಿಕೊಂಡೇ ಹೋಗಬೇಕು ಎಂಬುದು ಅವಳಿಗೆ ಬಾಯಿಪಾಠ. ಆದರೂ ಸೂಜಿ ಪ್ರತಿ ಸಲ ಮೇಲಕ್ಕೇ ವಾಲುತ್ತಿತ್ತು. ಕನ್ನಡಕ ಹಾಕಿದ ದಿನ ಸೂಜಿ ಮುಟ್ಟುವ ಮೊದಲೇ ಮಂಡಿಯೂರಿ ಕೂತು ಪಕ್ಕದಿಂದ ನೋಡಿದಳು, ಎದ್ದು ಇನ್ನೊಂದು ಬದಿಗೆ ಹೋಗಿ ನೋಡಿದಳು. ಆಮೇಲೆ ಚುಚ್ಚಿದ್ದು ಸರಿಯಾದ ಕೋನದಲ್ಲಿ. ಕನ್ನಡಕ ತೆಗೆಸಿ ಮತ್ತೆ ಮಾಡಿಸಿದೆ. ಈ ಎರಡನೇ ಸುತ್ತನ್ನು ನಾನು ಯಾರಿಗೂ ತಪ್ಪಿಸುವುದಿಲ್ಲ, ಏಕೆಂದರೆ ಕಲಿತದ್ದು ತಲೆಗಿಳಿದಿದೆಯೋ ಇಲ್ಲವೋ ಗೊತ್ತಾಗುವುದು ಆಗಲೇ.

ನನಗೆ ಇದಕ್ಕಿಂತಲೂ ಮುಖ್ಯವೆನಿಸಿದ್ದು ವಿಕಿರಣದ ಪಾಠ. ರೋಗಿಯ ಮೈಗೆ ಬಿದ್ದ ಎಕ್ಸ್-ರೇ ಅಲ್ಲಿಂದ ಚದುರಿ ನಮ್ಮ ಕಡೆಗೆ ಬರುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಹೆದರುವುದನ್ನು ಹುಡುಗರಿಗೆ ಹೇಗೆ ಕಲಿಸುವುದು? ಅದನ್ನೇ ಬಣ್ಣದ ಮೋಡದಂತೆ ಕೋಣೆಯಲ್ಲಿ ಹರಡಿ ತೋರಿಸಿದರೆ, ಎಕ್ಸ್-ರೇ ಹೊಮ್ಮಿಸುವ ಟ್ಯೂಬ್ ಇರುವ ಬದಿಯಲ್ಲಿ ಅದು ದಟ್ಟವಾಗಿರುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ದೂರ ಎರಡು ಪಟ್ಟಾದರೆ ವಿಕಿರಣ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಎಷ್ಟು ಸಲ ಹೇಳಿದರೂ ಹಿಂದೆ ಸರಿಯದವರು ಆಗ ತಾವಾಗಿಯೇ ಹೆಜ್ಜೆ ಹಿಂದಿಡುತ್ತಾರೆ.

ಇನ್ನು ಕೊರತೆ. ಫ್ಯಾಂಟಮ್ ಉಸಿರಾಡುವುದಿಲ್ಲ. ರೋಗಿ ಉಸಿರೆಳೆದಾಗ ಯಕೃತ್ತು ಒಂದೆರಡು ಸೆಂಟಿಮೀಟರ್ ಕೆಳಗೆ ಜಾರುತ್ತದೆ, ಕನ್ನಡಕದ ಚಿತ್ರ ಇದ್ದಲ್ಲೇ ಇದ್ದುಬಿಡಬಹುದು. ವೈರ್ ರಕ್ತನಾಳದ ಗೋಡೆಯೊಳಗೆ ನುಗ್ಗಲು ಹೊರಟಾಗ ಬೆರಳಿಗೆ ಸಿಗುವ ಆ ಸಣ್ಣ ತಡೆಯನ್ನೂ ಕನ್ನಡಕ ಕೊಡಲಾರದು. ಆ ತಡೆ ಸಿಕ್ಕಲ್ಲಿ ತಳ್ಳದೆ ನಿಲ್ಲಬೇಕು. ಅದನ್ನು ಕಲಿಯುವುದು ಹಿರಿಯರ ಪಕ್ಕದಲ್ಲಿ ನಿಂತು, ಅವರ ಕಣ್ಣೆದುರೇ ವೈರ್ ಹಿಡಿದು.

ಕಲಿಯುತ್ತಿರುವವರು ನೀವೇ ಆಗಿದ್ದರೆ ಅವಕಾಶ ಸಿಕ್ಕಾಗ ಖಂಡಿತ ಹಾಕಿಕೊಳ್ಳಿ. ಜೊತೆಗೆ, ಅಲ್ಟ್ರಾಸೌಂಡ್ ಪ್ರೋಬ್ ಹಿಡಿದು ಅಂಗಾಂಶದಂತಿರುವ ಜೆಲ್ ಬ್ಲಾಕ್‌ನಲ್ಲಿ ಸೂಜಿಯ ತುದಿ ಹುಡುಕುವ ಅಭ್ಯಾಸವನ್ನು ಒಂದು ದಿನವೂ ಬಿಡಬೇಡಿ.