ಆಟ ಮುಗಿದದ್ದನ್ನು ಮನೆಯಲ್ಲಿ ಹೇಳದ ತರಬೇತುದಾರ

ವಿಜಯಪುರ ಜಿಲ್ಲೆಯ ಹಳ್ಳಿಯೊಂದರ 32 ವರ್ಷದ ಇವರನ್ನು ಇಲ್ಲಿ ‘ಮ’ ಎಂದು ಕರೆಯುತ್ತೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕ್ರೀಡಾ ವಸತಿ ನಿಲಯದಲ್ಲಿ ಬೆಳೆದು ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಟವನ್ನು ಮುನ್ನಡೆಸುವ ಪಾಯಿಂಟ್ ಗಾರ್ಡ್ ಆಗಿ ಆಡಿದ್ದ ಮ, ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿಯ ಡಿಪ್ಲೊಮಾ ಪಡೆದು, ನಾಲ್ಕು ವರ್ಷಗಳಿಂದ ದುಬೈನ ಶಾಲೆಯೊಂದರಲ್ಲಿ ಬಾಸ್ಕೆಟ್‌ಬಾಲ್ ತರಬೇತುದಾರರಾಗಿದ್ದಾರೆ. ರಜೆಗೆ ಬಂದವರು ಸಲಹೆ ಕೇಳಲು ನನ್ನ ಬಳಿ ಬಂದು, ನಿದ್ರೆ ಬರುತ್ತಿಲ್ಲವೆಂದೂ ಮರಳಿ ಹೋಗುವ ಮನಸ್ಸಿಲ್ಲವೆಂದೂ ಹೇಳಿದರು.

ಸಂಬಳ, ಊಟ, ವಸತಿ ಯಾವುದರ ಬಗ್ಗೆಯೂ ಅವರಿಗೆ ತಕರಾರಿರಲಿಲ್ಲ. “ಹುಡುಗರು ಪಾಸ್ ಬಿಟ್ಟರ ನನಗ ಸಿಟ್ಟು ತಡಿಯಾಕ ಆಗೂದಿಲ್ಲ ಮೇಡಂರ, ಚೆಂಡ ಕಸಗೊಂಡು ನಾನ ಆಡಿ ತೋರಸ್ತೀನಿ” ಎಂದರು. ವಾರಾಂತ್ಯದಲ್ಲಿ ಯಾರಿಗೂ ತಿಳಿಸದೆ ಹವ್ಯಾಸಿ ಪಂದ್ಯಗಳನ್ನಾಡಿ, ಊದಿದ ಮೊಣಕಾಲಿಗೆ ಐಸ್ ಇಟ್ಟುಕೊಂಡು ಮಲಗುತ್ತಿದ್ದರು. ಬದುಕೇ ಬೇಡವೆನಿಸಿದೆಯೇ ಎಂದು ನೇರವಾಗಿ ಕೇಳಿದೆ. ಅಂಥ ಯೋಚನೆ ಇರಲಿಲ್ಲ.

ಎರಡನೆಯ ಭೇಟಿಯಲ್ಲಿ ವಿಷಯ ಹೊರಬಂತು. ಮಗ ದುಬೈ ತಂಡಕ್ಕೆ ಆಡುತ್ತಾನೆಂದು ತಂದೆ ಊರಿಗೆಲ್ಲ ಹೇಳಿಕೊಂಡಿದ್ದರು. ಮ ಅದನ್ನು ಒಮ್ಮೆಯೂ ತಿದ್ದಿರಲಿಲ್ಲ. ಜೋಳದ ಹೊಲದ ಮೇಲೆ ಸಾಲ ಮಾಡಿ ಆಡಲು ಕಳಿಸಿದ ತಂದೆಗೆ, ನೀವು ಕಳಿಸಿದ ಆಟ ಮುಗಿಯಿತು ಎನ್ನುವ ಧೈರ್ಯ ಅವರಿಗೆ ಬಂದಿರಲಿಲ್ಲ. ಹೀಗೆ ಮನೆಯಲ್ಲಿ ಆಟಗಾರನಾಗಿಯೇ ಉಳಿದವರಿಗೆ ಮಕ್ಕಳ ಮುಂದೆ ತರಬೇತುದಾರರಾಗಿ ನಿಲ್ಲುವುದು ಕಷ್ಟವಾಗಿದ್ದರಲ್ಲಿ ನನಗೆ ಆಶ್ಚರ್ಯ ಕಾಣಲಿಲ್ಲ. ಹದಿಮೂರನೆಯ ವಯಸ್ಸಿನಿಂದ ಮಕ್ಕಳನ್ನು ಅಂಕಣಕ್ಕೆ ಒಪ್ಪಿಸುವ ನಮ್ಮ ವ್ಯವಸ್ಥೆ, ಆಟ ನಿಂತ ದಿನ ಏನಾಗಬೇಕೆಂಬುದನ್ನು ಅವರೊಡನೆ ಮಾತನಾಡುವುದೇ ಇಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಕೆಲಸ ಬಿಡುವ ತೀರ್ಮಾನವನ್ನು ಈ ರಜೆಯಲ್ಲಿ ಮಾಡಬೇಡಿ ಎಂದು ಮೊದಲು ಹೇಳಿದೆ. ಬಿಡುವುದೇ ಆದರೂ ಹೇಳದೆ ಉಳಿದುಬಿಡುವಂತಿಲ್ಲ: ಯುಎಇ ಕಾನೂನಿನಂತೆ ಪ್ರೊಬೇಷನ್ (ಪರೀಕ್ಷಾ ಅವಧಿ) ಮುಗಿದವರು ಕರಾರಿನಲ್ಲಿರುವಷ್ಟು, ಅಂದರೆ 30ರಿಂದ 90 ದಿನಗಳ ನೋಟಿಸ್ ಕೊಡಬೇಕು, ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ 21 ದಿನಗಳ ಮೂಲವೇತನದಂತೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು ಸಿಗುತ್ತದೆ, ಅದರ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ ಎಂದೆ. ಮೂಳೆ ತಜ್ಞರು ಮೊಣಕಾಲು ನೋಡುವವರೆಗೆ ಪಂದ್ಯ ಬೇಡ. ಅಭ್ಯಾಸದಲ್ಲಿ ಚೆಂಡನ್ನು ತಾವು ಕಸಿಯದೆ, ತಂಡದ ಮಗುವೊಂದರಿಂದಲೇ ಆಡಿ ತೋರಿಸಿ, ಆ ದಿನ ಯಾವ ಮಗು ಯಾವುದರಲ್ಲಿ ಸುಧಾರಿಸಿತೆಂದು ಸಂಜೆ ಬರೆದಿಡುವಂತೆ ಸೂಚಿಸಿದೆ.

ತಂದೆಯೊಡನೆ ಮಾತಾಡುವ ವಿಷಯಕ್ಕೆ ಬಹಳ ಹೊತ್ತು ಕೊಟ್ಟೆವು. ಹಬ್ಬದ ಮನೆಯಲ್ಲಿ, ನೆಂಟರ ಎದುರು ಹೇಳುವುದು ಬೇಡ. ಹೊಲಕ್ಕೆ ಇಬ್ಬರೇ ಹೋದಾಗ ಮೊದಲು ಕಾಲಿನ ಮಾತು, ಆಮೇಲೆ ಕೆಲಸದ ಮಾತು ಎಂದು ಗೊತ್ತುಮಾಡಿಕೊಂಡು, ನನ್ನ ಎದುರಿಗೇ ಒಮ್ಮೆ ಹೇಳಿ ನೋಡಿದರು. ಅರ್ಧಕ್ಕೆ ಅಳು ಬಂತು; ಅಳಲು ಬಿಟ್ಟೆ.

ಹೊರಡುವ ಮುನ್ನ ಫೋನ್ ಮಾಡಿದರು. ತಂದೆ ಎರಡು ದಿನ ಮಾತಾಡಿರಲಿಲ್ಲವಂತೆ, ಮೂರನೆಯ ದಿನ ಆಸ್ಪತ್ರೆಗೆ ತಾವೇ ಜೊತೆಗೆ ಬಂದರಂತೆ. ಮ ಕೆಲಸಕ್ಕೆ ಮರಳಿದ್ದಾರೆ. ಊರಿಗೆ ಬಂದು ಇಲ್ಲಿಯ ಮಕ್ಕಳಿಗೆ ಕಲಿಸುವ ಆಸೆಯ ಬಗ್ಗೆ ಮುಂದಿನ ರಜೆಯಲ್ಲಿ ಮಾತಾಡೋಣ ಎಂದು ಒಪ್ಪಿಕೊಂಡಿದ್ದೇವೆ.