ಪ್ರತಿಕ್ರಿಯೆ: ಆರೋಗ್ಯ ಶಿಕ್ಷಣದ ಪದವಿಯಲ್ಲಿ ಗಣಿತ ಎಷ್ಟಿದೆ?

ಜೀವಶಾಸ್ತ್ರ ಇಷ್ಟ, ಗಣಿತ ಕಂಡರೆ ಭಯ, ಆರೋಗ್ಯ ಶಿಕ್ಷಣ ಎಂದರೆ ‘ಕೈ ತೊಳೆಯಿರಿ’ ಎಂದು ಹೇಳಿಕೊಡುವುದಷ್ಟೇ ತಾನೆ ಎಂದು ಕೇಳಿದ್ದೀರಿ. ಅಷ್ಟೇ ಆಗಿದ್ದರೆ ಮೂರು ದಿನದ ಶಿಬಿರ ಸಾಕಿತ್ತು, ಪದವಿ ಏಕೆ?

ತಿಳಿದವರೂ ಏಕೆ ಮಾಡುವುದಿಲ್ಲ ಎಂಬುದೇ ಈ ಓದಿನ ತಿರುಳು. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಉಚಿತ ಎಕ್ಸ್‌-ರೇ ಇದ್ದರೂ ಎಣಿಸಿದಷ್ಟು ಜನ ಬರಲಿಲ್ಲ. ‘ನನಗೆಲ್ಲಿ ಆ ಕಾಯಿಲೆ’ ಎಂಬ ಭಾವನೆ, ಬಂದರೆ ಎಷ್ಟು ಗಂಭೀರ ಎಂಬ ಅಂದಾಜು, ಪರೀಕ್ಷೆಯ ಲಾಭ, ಅದರ ತೊಡಕು ಇವನ್ನೆಲ್ಲ ಜೋಡಿಸಿ ಮನೋವಿಜ್ಞಾನಿಗಳು ಕಟ್ಟಿದ್ದೇ ‘ಆರೋಗ್ಯ ನಂಬಿಕೆ ಮಾದರಿ’. ಅದರಿಂದ ನೀವು ತಪ್ಪಿಸಿಕೊಳ್ಳಲಾರಿರಿ.

ಓದುವಾಗ ರಕ್ತದೊತ್ತಡದ ಬಗ್ಗೆ ನಾನೊಂದು ಕರಪತ್ರ ಬರೆದಿದ್ದೆ: ‘ಸೋಡಿಯಂ ಸೇವನೆಯನ್ನು ಮಿತಗೊಳಿಸಿ’. ಅದನ್ನು ಓದಿದ ಹಿರಿಯರೊಬ್ಬರು, “ಅದು ಯಾವ ಮಾತ್ರೆ? ನನಗೆ ಕೊಟ್ಟೇ ಇಲ್ಲವಲ್ಲ” ಎಂದರು. ‘ಉಪ್ಪು ಕಡಿಮೆ ಮಾಡಿ’ ಎಂದು ತಿದ್ದಲು ನನಗೆ ಎರಡು ವರ್ಷದ ಓದು ಬೇಕಾಯಿತು, ನಗಬೇಡಿ.

ಇನ್ನು ಗಣಿತ. ಕಲನಶಾಸ್ತ್ರ (ಕ್ಯಾಲ್ಕುಲಸ್) ಹೆಚ್ಚಾಗಿ ಬೇಕಾಗುವುದಿಲ್ಲ, ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಮಾತ್ರ ಬಿಡುವುದಿಲ್ಲ. ನಿಮ್ಮ ತರಬೇತಿಗೆ ಬಂದ 40 ಜನರಲ್ಲಿ 10 ಮಂದಿ ಧೂಮಪಾನ ಬಿಟ್ಟರು ಎನ್ನಿ. ಬಾರದ 40 ಜನರಲ್ಲೂ 9 ಮಂದಿ ಬಿಟ್ಟಿದ್ದರೆ? ಬೆನ್ನು ತಟ್ಟಿಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳಲು ಬೇಕಾದಷ್ಟು ಲೆಕ್ಕ ಕಲಿತರೆ ಸಾಕು.

ಸೇರುವ ಮೊದಲು ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯ ಎಷ್ಟು ವಾರ ಇದೆ ಎಂದು ನೋಡಿ. ಅದಿಲ್ಲದ ಕೋರ್ಸ್ ನಾನಾಗಿದ್ದರೆ ಆರಿಸುತ್ತಿರಲಿಲ್ಲ.